ಜೀವಾಣು ವಿಷಕ್ಕೆ ಪ್ರತಿಕಾಯ

ಧನುರ್ವಾಯುವಿನ ಬ್ಯಾಕ್ಟೀರಿಯ ಗಾಯದ ಜಾಗ ಬಿಟ್ಟು ಕದಲುವುದಿಲ್ಲ. ಮೈ ಸೆಟೆಸುವುದು ಅದು ಸ್ರವಿಸುವ ವಿಷ. ಇದರ ಬೀಜಕಣಗಳು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ; ಚನ್ನಗಿರಿಯ ಅಡಿಕೆ ತೋಟದಲ್ಲಿ ಗುದ್ದಲಿ ತಾಗಿದ ಕಾಲು, ಹೊನ್ನಾಳಿ, ನ್ಯಾಮತಿಯ ಹೊಲದಲ್ಲಿ ಮುಳ್ಳು ಚುಚ್ಚಿದ ಹಿಮ್ಮಡಿ ಅವಕ್ಕೆ ಸಾಕು. ಗಾಳಿಯಾಡದ ಗಾಯದಲ್ಲಿ ಅವು ಮೊಳೆಯುತ್ತವೆ. ವಿಷ ನರಗಳನ್ನು ಹೊಕ್ಕು ಬೆನ್ನುಹುರಿಗೆ ಸಾಗಿ, ಸ್ನಾಯುಗಳನ್ನು ಸಡಿಲಿಸುವ ಸಂಕೇತವನ್ನೇ ತಡೆಯುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ.

ಇಂಥ ವಿಷವನ್ನು ಹಿಡಿದು ನಿಷ್ಕ್ರಿಯಗೊಳಿಸುವ ರಕ್ತದ ಪ್ರೋಟೀನುಗಳೇ ಪ್ರತಿಕಾಯಗಳು. ವಿಷಕ್ಕೆ ಒಗ್ಗಿಸಿದ ಪ್ರಾಣಿಯ ಸೀರಂ ಇನ್ನೊಂದು ಪ್ರಾಣಿಯನ್ನು ಕಾಪಾಡುತ್ತದೆಂದು ವಿಜ್ಞಾನಿಗಳಾದ ಬೇರಿಂಗ್ ಮತ್ತು ಕಿಟಾಸಾಟೊ 1890ರಲ್ಲಿ ಬರ್ಲಿನ್‌ನಲ್ಲಿ ತೋರಿಸಿದರು. ಮುಂದೆ ಕುದುರೆಗಳ ರಕ್ತದಿಂದ ಸೀರಂ ತೆಗೆಯುವ ಪದ್ಧತಿ ಬಂದು ಗಂಟಲುಮಾರಿಯ ಅಸಂಖ್ಯ ಮಕ್ಕಳು ಉಳಿದರು. ಆದರೆ ಕುದುರೆಯ ಪ್ರೋಟೀನು ಕೆಲವರಿಗೆ ಒಗ್ಗದೆ ಜ್ವರ, ದದ್ದು, ಕೀಲುನೋವು ಬರುತ್ತಿತ್ತು. ಹಾಗಾಗಿ ಧನುರ್ವಾಯುವಿಗೆ ಮನುಷ್ಯರ ರಕ್ತದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್ ಬಳಕೆಗೆ ಬಂತು. ಲಸಿಕೆ ಪೂರ್ಣವಾಗದವರಿಗೆ ಕೊಳಕು ಗಾಯವಾದರೆ ಮುಂಜಾಗ್ರತೆಗೆ 250 ಯೂನಿಟ್ ಕೊಡುತ್ತಾರೆ. ಗಂಟಲುಮಾರಿಗೆ ಇಂದಿಗೂ ಕುದುರೆಯ ಸೀರಮ್ಮೇ ಆಧಾರ, ಅದೂ ಜಗತ್ತಿನಾದ್ಯಂತ ಸಾಲದಾಗಿದೆ. ಇದು ಕಳವಳದ ಸಂಗತಿ.

ಒಂದೇ ಬಗೆಯ ಪ್ರತಿಕಾಯವನ್ನು ಪ್ರಯೋಗಾಲಯದಲ್ಲಿ ಎಷ್ಟು ಬೇಕಾದರೂ ತಯಾರಿಸುವ ದಾರಿಯನ್ನು 1975ರಲ್ಲಿ ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನ್ ಕಂಡುಕೊಂಡರು. ಆದರೆ ವಿಷಕ್ಕೆ ಅಂಟಿದ ಮಾತ್ರಕ್ಕೆ ಪ್ರತಿಕಾಯ ಮದ್ದಾಗುವುದಿಲ್ಲ. ವಿಷವು ಜೀವಕೋಶವನ್ನು ಹಿಡಿಯುವ ಭಾಗವನ್ನೋ ಒಳನುಗ್ಗಲು ಬಳಸುವ ಭಾಗವನ್ನೋ ಅದು ಮುಚ್ಚಬೇಕು. ಅದಕ್ಕೇ ವಿಷದ ಜತೆ ಬೆರೆಸಿ ಜೀವಕೋಶಗಳು ಉಳಿಯುತ್ತವೆಯೇ ಎಂದು ಮೊದಲು ನೋಡಿ, ಆಮೇಲೆ ಪ್ರಾಣಿಗಳಲ್ಲಿ ಪರೀಕ್ಷಿಸುತ್ತಾರೆ. ಆಂಥ್ರಾಕ್ಸ್ ವಿಷಕ್ಕೆ ಮನುಷ್ಯರನ್ನು ಒಡ್ಡುವುದು ಅಧರ್ಮ. ಆದ್ದರಿಂದ ಮೊಲ, ಮಂಗಗಳು ಬದುಕುಳಿದದ್ದನ್ನೂ ಆರೋಗ್ಯವಂತ ಮನುಷ್ಯರಲ್ಲಿ ಕಂಡ ಸುರಕ್ಷತೆಯನ್ನೂ ನೋಡಿ, 2012ರಲ್ಲಿ ಅಮೆರಿಕ ಆಂಥ್ರಾಕ್ಸ್ ವಿಷದ ಪ್ರತಿಕಾಯವಾದ ರಾಕ್ಸಿಬಾಕುಮಾಬ್‌ಗೆ ಒಪ್ಪಿಗೆ ಕೊಟ್ಟಿತು.

ಎಲ್ಲ ಪ್ರತಿಕಾಯಗಳಿಗೂ ಒಂದೇ ಮಿತಿ: ಹೊರಗೆ ಅಲೆಯುವ ವಿಷ ಅವುಗಳ ಕೈಗೆ ಸಿಗುತ್ತದೆ, ಜೀವಕೋಶದೊಳಗೆ ಸೇರಿದ್ದು ಸಿಗುವುದಿಲ್ಲ. ತಡವಾದ ಪ್ರತಿ ಗಂಟೆಯೂ ನಷ್ಟವೇ. ಜಗಳೂರಿನಂಥ ಕುರಿ ಸಾಕುವ ಬಯಲುಸೀಮೆಯವರಿಗೆ ಕುರಿಗಳ ಕರುಳು ಬೇನೆಯಲ್ಲಿ ಈ ನಷ್ಟ ಕಣ್ಣಿಗೆ ಕಾಣುತ್ತದೆ. ಮಳೆ ಬಿದ್ದು ಎಳೆ ಹುಲ್ಲು ಹೊಟ್ಟೆಬಿರಿಯ ಮೇದ ಕುರಿಯ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಹೆಚ್ಚಿ ಎಪ್ಸಿಲಾನ್ ವಿಷ ಉಗುಳುತ್ತದೆ; ಸಂಜೆ ಚೆನ್ನಾಗಿದ್ದ ಮರಿ ಬೆಳಗಾಗುವಷ್ಟರಲ್ಲಿ ಸತ್ತಿರಬಹುದು. ಸೀರಂ ಚುಚ್ಚಲು ವೇಳೆಯೇ ಇರುವುದಿಲ್ಲ. ಆದ್ದರಿಂದ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುವ ಲಸಿಕೆಯನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಬೇಕು. ಗಬ್ಬದ ಕುರಿಗೆ ಕೊನೆಯ ವಾರಗಳಲ್ಲಿ ಲಸಿಕೆಯಾದರೆ, ಹುಟ್ಟಿದ ಮರಿಗೆ ಗಿಣ್ಣುಹಾಲಿನಲ್ಲೇ ಪ್ರತಿಕಾಯಗಳು ದಾಟಿ, ಮೊದಲ ವಾರಗಳಲ್ಲಿ ಅದನ್ನು ಕಾಯುತ್ತವೆ.