ಗಂಟೆ ಬಡಿದಾಗ ಪೈಲಟ್ ಏಕೆ ಅವಸರಪಡುವುದಿಲ್ಲ?

ವಿಮಾನದ ಎಂಜಿನ್ ಒಳಗೆ ಬೆಂಕಿ ಇರುತ್ತದೆಯೇ? ಇರುತ್ತದೆ, ಇರಲೇಬೇಕು. ಆರಿಹೋದರೆ ಎಂಜಿನ್ ಕೆಲಸವೇ ನಿಂತಂತೆ. ಜೆಟ್ ಎಂಜಿನ್ ಮುಂದಿನಿಂದ ಗಾಳಿಯನ್ನು ಒಳಗೆಳೆದುಕೊಂಡು ಒತ್ತಿ ಒತ್ತಿ ಬಿಗಿ ಮಾಡುತ್ತದೆ. ಆ ಗಾಳಿಗೆ ಇಂಧನ ಸಿಂಪಡಿಸಿ ಉರಿಸುತ್ತದೆ. ಇಂಧನ ಎಂದರೆ ಸೀಮೆಎಣ್ಣೆಯ ಜಾತಿಯದೇ ಒಂದು ಎಣ್ಣೆ. ಕಾದು ಹಿಗ್ಗಿದ ಗಾಳಿ ಹಿಂದಕ್ಕೆ ನುಗ್ಗುವಾಗ ದಾರಿಯಲ್ಲಿರುವ ಚಕ್ರಗಳನ್ನು ತಿರುಗಿಸುತ್ತದೆ. ಆ ಚಕ್ರಗಳು ಮುಂದಿನ ದೊಡ್ಡ ಫ್ಯಾನನ್ನು ತಿರುಗಿಸುತ್ತವೆ. ಹೊರಟ ಊರಿನಿಂದ ಮುಟ್ಟುವ ಊರಿನ ತನಕ ಉರಿ ಆರುವುದೇ ಇಲ್ಲ.

ಇಂದಿರಾನಗರ, ಹಲಸೂರು ಕಡೆಯ ಮಕ್ಕಳಿಗೆ ಈ ಎಂಜಿನ್ನುಗಳು ಒಂದು ರೀತಿಯಲ್ಲಿ ನೆರೆಹೊರೆ. 2008ರ ಮೇ ತಿಂಗಳವರೆಗೆ ಬೆಂಗಳೂರಿನ ಪ್ರಯಾಣಿಕರ ವಿಮಾನಗಳೆಲ್ಲ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ನಿಲ್ದಾಣದಲ್ಲೇ ಇಳಿಯುತ್ತಿದ್ದವು. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಮಾತು ಅರ್ಧಕ್ಕೇ ನಿಲ್ಲಿಸಬೇಕಾಗುತ್ತಿದ್ದ ಸದ್ದಿನ ಕಥೆ ಹೇಳಿಯಾರು. ಅಲ್ಲೇ ಸಮೀಪ, ಸಿ.ವಿ. ರಾಮನ್ ನಗರದಲ್ಲಿ ಜಿಟಿಆರ್‌ಇ ಎಂಬ ಸಂಸ್ಥೆ ಇದೆ. ಜೆಟ್ ಎಂಜಿನ್ ರೂಪಿಸುವುದೇ ಅದರ ಕೆಲಸ. ‘ಕಾವೇರಿ’ ಎಂಜಿನ್ ಅಲ್ಲಿಯದು. ಅಲ್ಲಿನ ಎಂಜಿನಿಯರುಗಳಿಗೆ ಬೆಂಕಿ ಹೊತ್ತಿಸುವುದು ಕಷ್ಟವಲ್ಲ. ಅದನ್ನು ಅದರ ಜಾಗದಲ್ಲೇ ಕೂರಿಸುವುದು ಕಷ್ಟ. ಉರಿಯುವ ಗಾಳಿಯ ಬಿಸಿ ಎಷ್ಟೆಂದರೆ, ಪಕ್ಕದ ಲೋಹವನ್ನೇ ಕರಗಿಸಬಲ್ಲದು. ಅದಕ್ಕೇ ಲೋಹದಲ್ಲಿ ಪುಟ್ಟ ಪುಟ್ಟ ತೂತು ಕೊರೆದು, ಅವುಗಳ ಮೂಲಕ ತಂಪು ಗಾಳಿ ಹರಿಸುತ್ತಾರೆ.

ಹಾಗಾದರೆ ‘ಎಂಜಿನ್‌ಗೆ ಬೆಂಕಿ’ ಎಂದು ಪೈಲಟ್‌ಗೆ ಎಚ್ಚರಿಕೆ ಬರುವುದು ಯಾವಾಗ? ಅಡುಗೆಮನೆಯ ಗ್ಯಾಸ್ ಒಲೆ ನೋಡಿ. ಬರ್ನರ್ ಮೇಲೆ ನೀಲಿ ಉರಿ ಇದ್ದರೆ ಯಾರೂ ಗಾಬರಿಯಾಗುವುದಿಲ್ಲ. ಅದೇ ಉರಿ ಒಲೆಯ ಹಿಂದಿನ ರಬ್ಬರ್ ಪೈಪಿನ ಮೇಲೆ ಕಂಡರೆ? ಅಮ್ಮ ಮೊದಲು ರೆಗ್ಯುಲೇಟರ್‌ಗೆ ಕೈ ಹಾಕುತ್ತಾರೆ. ಎಂಜಿನ್ನಿನಲ್ಲೂ ಹೀಗೆಯೇ. ಉರಿಯುವ ಕೋಣೆಯ ಹೊರಗೆ, ಎಂಜಿನ್ನಿಗೂ ಅದರ ಹೊರಕವಚಕ್ಕೂ ನಡುವೆ, ಇಂಧನದ ಮತ್ತು ಆಯಿಲ್‌ನ ಪೈಪುಗಳು ಹಾದುಹೋಗುತ್ತವೆ. ಅಲ್ಲಿ ಬೆಂಕಿ ಕಾಣಿಸಿಕೊಂಡರೆ ಅದು ಎಚ್ಚರಿಕೆಯ ಬೆಂಕಿ.

2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ ಇಂಥ ಗಾಬರಿ ಎದುರಾಯಿತು. ಮೇಲೇರಿದ ಮೇಲೆ ಬಲಗಡೆಯ ಎಂಜಿನ್‌ನಿಂದ ಜ್ವಾಲೆ ಬಂದಂತೆ ಕಂಡಿತು. ವಿಮಾನ ಮರಳಿ ಬಂದು, 11 ಗಂಟೆ 12 ನಿಮಿಷಕ್ಕೆ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಒಳಗಿದ್ದ 179 ಪ್ರಯಾಣಿಕರೂ 6 ಮಂದಿ ಸಿಬ್ಬಂದಿಯೂ ಹೊರಬಂದರು.

ಇಂಥ ಹೊತ್ತಿನಲ್ಲಿ ಸಿಬ್ಬಂದಿ ಏನು ಮಾಡಬೇಕೆಂಬುದು ಮೊದಲೇ ಗೊತ್ತುಮಾಡಿರುತ್ತದೆ. ಬೋಯಿಂಗ್ 737 ವಿಮಾನವನ್ನೇ ತೆಗೆದುಕೊಳ್ಳೋಣ. ಎಂಜಿನ್ನಿನ ಹೊರಕವಚದೊಳಗೆ ಅನಿಲ ತುಂಬಿದ ಸಣ್ಣ ಕೊಳವೆಗಳಿರುತ್ತವೆ. ಬಿಸಿ ತಾಗಿದರೆ ಅನಿಲ ಹಿಗ್ಗಿ ಒಂದು ಸ್ವಿಚ್ಚನ್ನು ಒತ್ತುತ್ತದೆ. ಇಂಥ ಕೊಳವೆಗಳದು ಒಂದಲ್ಲ, ಎರಡು ಸಾಲು. ಸಾಮಾನ್ಯವಾಗಿ ಎರಡೂ ಸಾಲು ‘ಹೌದು’ ಎಂದರಷ್ಟೇ ಗಂಟೆ ಬಡಿಯುತ್ತದೆ. ಒಂದು ಸಾಲು ಕೆಟ್ಟು ಸುಳ್ಳು ಹೇಳಿದರೆ ಸುಮ್ಮಸುಮ್ಮನೆ ಎಂಜಿನ್ ನಿಲ್ಲಿಸಿಬಿಡಬಾರದಲ್ಲ!

ಗಂಟೆ ಬಡಿಯಿತು, ಕೆಂಪು ದೀಪ ಹೊತ್ತಿತು. ಪೈಲಟ್ ತಕ್ಷಣ ಮಾಡುವ ಕೆಲಸ ಯಾವುದು ಗೊತ್ತೇ? ವಿಮಾನ ಹಾರಿಸುವುದು. ಎರಡು ಎಂಜಿನ್ನಿನ ವಿಮಾನ ಒಂದೇ ಎಂಜಿನ್ನಿನಲ್ಲೂ ಮೇಲೇರಬಲ್ಲದು, ಆದರೆ ಅದನ್ನು ನೇರವಾಗಿ ಹಿಡಿದಿಡಲು ಒಬ್ಬರ ಪೂರ್ತಿ ಗಮನ ಬೇಕು. ಆದ್ದರಿಂದ ಒಬ್ಬರು ಹಾರಿಸುತ್ತಾರೆ, ಇನ್ನೊಬ್ಬರು ಬೆಂಕಿಯ ಕಡೆ ನೋಡುತ್ತಾರೆ. ನೋಡುವವರು ಒಂದು ಸನ್ನೆಗೋಲಿನ ಮೇಲೆ ಕೈಯಿಟ್ಟು ಬಾಯಿಬಿಟ್ಟು ಕೇಳುತ್ತಾರೆ: ‘ಬಲಗಡೆಯದು ತಾನೆ?’ ಹಾರಿಸುವವರು ಕಣ್ಣಾರೆ ನೋಡಿ ‘ಹೌದು’ ಎಂದ ಮೇಲೇ ಕೈ ಮುಂದುವರಿಯುತ್ತದೆ. ಇದೆಂಥ ನಿಧಾನ ಅನ್ನಿಸುತ್ತದೆಯೇ? 1989ರಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಎಡ ಎಂಜಿನ್ ಕೆಟ್ಟಿದ್ದ ವಿಮಾನವೊಂದರಲ್ಲಿ ಗಡಿಬಿಡಿಯಿಂದ ಬಲಗಡೆಯ ಒಳ್ಳೆಯ ಎಂಜಿನ್ನನ್ನೇ ನಿಲ್ಲಿಸಿಬಿಟ್ಟರು. ವಿಮಾನ ರನ್‌ವೇ ಮುಟ್ಟಲೇ ಇಲ್ಲ. ನನ್ನನ್ನು ಕೇಳಿದರೆ, ಕಾಕ್‌ಪಿಟ್‌ನಲ್ಲಿ ಅತಿ ಬೆಲೆಬಾಳುವ ವಸ್ತು ಆ ‘ತಾನೆ?’ ಎಂಬ ಪ್ರಶ್ನೆಯೇ.

ಎಂಜಿನ್ ನಿಲ್ಲಿಸಿದ ಮೇಲೆ ಕೆಂಪಗೆ ಹೊಳೆಯುತ್ತಿರುವ ಹಿಡಿಯೊಂದನ್ನು ಮೇಲಕ್ಕೆಳೆಯುತ್ತಾರೆ. ಒಂದೇ ಎಳೆತಕ್ಕೆ ಇಂಧನ ಬಂದ್, ಉರಿಯಬಲ್ಲ ಹೈಡ್ರಾಲಿಕ್ ದ್ರವ ಬಂದ್, ಜನರೇಟರ್ ಬಂದ್. ಎಷ್ಟೋ ಸಲ ಉರಿಯಲು ಏನೂ ಸಿಗದೆ ಬೆಂಕಿ ತಾನೇ ಸಾಯುತ್ತದೆ. ದೀಪ ಇನ್ನೂ ಉರಿಯುತ್ತಿದ್ದರೆ ಅದೇ ಹಿಡಿಯನ್ನು ಒಂದು ಪಕ್ಕಕ್ಕೆ ತಿರುಗಿಸುತ್ತಾರೆ. ಆಗ ಬಾಟಲಿಯಿಂದ ಹ್ಯಾಲಾನ್ ಎಂಬ ಅನಿಲ ಎಂಜಿನ್ ಸುತ್ತ ನುಗ್ಗುತ್ತದೆ. 30 ಸೆಕೆಂಡು ಕಾಯುತ್ತಾರೆ. ಆರಲಿಲ್ಲವೇ? ಇನ್ನೊಂದು ಪಕ್ಕಕ್ಕೆ ತಿರುಗಿಸಿದರೆ ಎರಡನೇ ಬಾಟಲಿ.

ಹ್ಯಾಲಾನ್ ನೀರಿನಂತೆ ತಣ್ಣಗಾಗಿಸಿ ಬೆಂಕಿ ಆರಿಸುವುದಿಲ್ಲ. ಉರಿಯುವುದೆಂದರೆ ಒಂದು ಕಣ ಮುರಿದು ಇನ್ನೊಂದನ್ನು ಮುರಿಯುವ ಸರಪಳಿ. ಹ್ಯಾಲಾನಿನ ಬ್ರೋಮಿನ್ ಆ ಸರಪಳಿಯ ಕೊಂಡಿಗಳನ್ನೇ ಕಚ್ಚಿ ಹಿಡಿಯುತ್ತದೆ. ಆದರೆ ಅದೇ ಬ್ರೋಮಿನ್ ಆಕಾಶದ ಓಜೋನ್ ಪದರವನ್ನೂ ಕೆಡಿಸುವುದರಿಂದ, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹ್ಯಾಲಾನ್ ತಯಾರಿಸುವುದನ್ನು ಹಂತ ಹಂತವಾಗಿ ನಿಲ್ಲಿಸಲಾಯಿತು. ಹಳೆಯದನ್ನೇ ಶುದ್ಧಮಾಡಿ ವಿಮಾನಗಳಿಗೆ ತುಂಬುತ್ತಾರೆ.

ಇನ್ನು ಇಳಿದ ಮೇಲಿನ ಮಾತು. ತುರ್ತಾಗಿ ಜನರನ್ನು ಇಳಿಸುವುದೆಂದು ಕ್ಯಾಪ್ಟನ್ ತೀರ್ಮಾನಿಸಿದರೆ, ಕೆಟ್ಟ ಎಂಜಿನ್ ಜೊತೆಗೆ ಚೆನ್ನಾಗಿರುವುದನ್ನೂ ನಿಲ್ಲಿಸಬೇಕು. ಇಲ್ಲದಿದ್ದರೆ ಇಳಿದವರನ್ನು ಅದರ ಗಾಳಿಯೇ ಬೀಳಿಸೀತು. ಗಗನಸಖಿಯರು ಬಾಗಿಲು ತೆರೆಯುವ ಮುನ್ನ ಅದರ ಪುಟ್ಟ ಕಿಟಕಿಯಿಂದ ಹೊರಗೆ ನೋಡುತ್ತಾರೆ. ಆ ಪಕ್ಕ ಬೆಂಕಿ ಕಂಡರೆ ಆ ಬಾಗಿಲು ತೆರೆಯುವಂತಿಲ್ಲ. ಅದಕ್ಕೇ ಹೊಸ ಮಾದರಿಯ ವಿಮಾನವನ್ನು ಒಪ್ಪುವ ಮೊದಲು ಒಂದು ಪರೀಕ್ಷೆ ಇದೆ: ಕತ್ತಲಲ್ಲಿ, ಅರ್ಧದಷ್ಟು ಬಾಗಿಲುಗಳಿಂದ ಮಾತ್ರ, ತುಂಬಿದ ವಿಮಾನ 90 ಸೆಕೆಂಡಿನೊಳಗೆ ಖಾಲಿಯಾಗಬೇಕು. ಈ ಲೆಕ್ಕದಲ್ಲಿ ಬ್ಯಾಗಿಗೆ ಜಾಗವಿಲ್ಲ. ಟ್ಯಾಬ್ ಇರಲಿ, ಹೊಸ ಶೂ ಇರುವ ಚೀಲವೇ ಇರಲಿ, ಅಲ್ಲೇ ಬಿಟ್ಟು ಗಾಳಿ ತುಂಬಿದ ಜಾರುಬಂಡೆಯ ಮೇಲೆ ಹಾರಿ ಕೂರಬೇಕು. ಜಾರುವಾಗ ಮೊಣಕೈ ತರಚುವುದುಂಟು. ನೆಲ ಮುಟ್ಟಿದ ಕೂಡಲೇ ಎದ್ದು ದೂರ ಓಡಬೇಕು, ಏಕೆಂದರೆ ಹಿಂದೆಯೇ ಇನ್ನೊಬ್ಬರು ಜಾರಿ ಬರುತ್ತಿರುತ್ತಾರೆ.