ಲಟಕ್ಕನೆ ಮುರಿದದ್ದು, ಧೊಪ್ಪನೆ ಬಿದ್ದದ್ದು

ಇಂಗ್ಲಿಷಿನ ಕ್ರ್ಯಾಶ್, ಕ್ರಂಚ್, ಸ್ಮ್ಯಾಶ್ ಎಂಬ ಕ್ರಿಯಾಪದಗಳಲ್ಲಿ ಕೆಲಸವೂ ಅದರ ಸದ್ದೂ ಒಂದೇ ಪದದೊಳಗೆ ಅಡಗಿವೆ. ಕ್ರ್ಯಾಶ್ ಎಂದರೆ ಭಾರಿ ಸದ್ದಿನೊಡನೆ ಬೀಳುವುದು, ಇಲ್ಲವೇ ಡಿಕ್ಕಿ ಹೊಡೆಯುವುದು. ಕ್ರಂಚ್ ಎಂದರೆ ಕುರುಕುರು ಎನ್ನುವಂತೆ ಅಗಿಯುವುದು. ಜಲ್ಲಿಯ ಮೇಲೆ ನಡೆದಾಗ ಬರುವ ಸದ್ದಿಗೂ ಅದೇ ಪದ. ಸ್ಮ್ಯಾಶ್ ಎಂದರೆ ಹೊಡೆದು ಚೂರುಚೂರು ಮಾಡುವುದು. ಕ್ರಷ್‌ನಲ್ಲಿ ಸದ್ದಿಗಿಂತ ಒತ್ತಡ ಮುಖ್ಯ. ಲ್ಯಾಟಿನ್ ಮೂಲದ ಕೊಲ್ಯಾಪ್ಸ್‌ನಲ್ಲಂತೂ ಸದ್ದೇ ಇಲ್ಲ. ಆಧಾರ ತಪ್ಪಿ ಕುಸಿಯುವುದಷ್ಟೇ ಅದರ ಅರ್ಥ.

ಕನ್ನಡ ಸಾಮಾನ್ಯವಾಗಿ ಸದ್ದನ್ನೂ ಕೆಲಸವನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ಸದ್ದಿಗೆ ಅನುಕರಣಾವ್ಯಯ, ಕೆಲಸಕ್ಕೆ ಕ್ರಿಯಾಪದ. ಎರಡನ್ನೂ ಜೋಡಿಸಲು ‘ಎಂದು’, ‘ಅನೆ’, ಆಡುಮಾತಿನಲ್ಲಿ ‘ಅಂತ’. ಎಚ್.ಡಿ. ಕೋಟೆ ಸೀಮೆಯ ಎನ್. ಬೇಗೂರಿನಂಥ ಕಾಡಂಚಿನ ಊರಿನಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ಆನೆ ನುಗ್ಗಿದರೆ ಬಿದಿರು ಲಟಲಟ ಮುರಿಯುತ್ತದೆ, ಒಣಕೊಂಬೆ ಲಟಕ್ಕನೆ ಮುರಿಯುತ್ತದೆ, ಹಲಸಿನ ಹಣ್ಣು ಧೊಪ್ಪನೆ ಬೀಳುತ್ತದೆ. ಬೆಂಕಿಗೆ ಸಿಕ್ಕ ಬಿದಿರು ಫಟ್ಟೆಂದು ಸಿಡಿಯುತ್ತದೆ. ‘ಲಟಲಟ’ ಎಂದಾಗ ಹಲವು ಸಲ, ‘ಲಟಕ್ಕನೆ’ ಎಂದಾಗ ಒಂದೇ ಸಲ. ಆದರೂ ಈ ವಿಂಗಡಣೆ ಪೂರ್ತಿ ಅಲ್ಲ. ‘ಗುಡುಗು’ ಎಂಬ ಕ್ರಿಯಾಪದದಲ್ಲಿ ಸದ್ದು ತಾನಾಗಿಯೇ ಕೇಳುತ್ತದೆ. ಇಂಥ ಅನುಕರಣ ಪದಗಳು ಭಾರತದ ಹಲವು ಭಾಷಾಕುಟುಂಬಗಳಿಗೆ ಸಾಮಾನ್ಯವೆಂಬುದನ್ನು ಭಾಷಾವಿಜ್ಞಾನಿ ಎಂ.ಬಿ. ಎಮೆನೋ 1969ರ ಲೇಖನವೊಂದರಲ್ಲಿ ವಿವರಿಸಿದ್ದಾರೆ.

ಹೆಚ್ಚು ಕುತೂಹಲದ ಸಂಗತಿ ಕ್ರಿಯಾಪದದ ಆಯ್ಕೆಯದು. ಮಡಕೆ ಒಡೆಯುತ್ತದೆ, ಕಡ್ಡಿ ಮುರಿಯುತ್ತದೆ, ಹಗ್ಗ ಹರಿಯುತ್ತದೆ, ಬೇಸಗೆಯ ನೆಲ ಬಿರಿಯುತ್ತದೆ. ಇಂಗ್ಲಿಷಿನ ಬ್ರೇಕ್ ಇವುಗಳಲ್ಲಿ ಮೊದಲ ಮೂರಕ್ಕೂ ಸಾಕು. ಒಬ್ಬನೇ ಮನುಷ್ಯ ಮರದಿಂದ ಬಿದ್ದರೂ ಅವನ ಕೈ ಮುರಿಯುತ್ತದೆ, ತಲೆ ಒಡೆಯುತ್ತದೆ. ಉದ್ದನೆಯದು ಮುರಿಯುವುದು, ಒಳಗೆ ಏನನ್ನಾದರೂ ಹಿಡಿದಿಟ್ಟದ್ದು ಒಡೆಯುವುದು. ಕೆರೆ ಏರಿಯೂ ಹಾಲೂ ಒಡೆಯುವ ವಸ್ತುಗಳೇ. ಸೌದೆಯನ್ನು ಎಳೆಯ ಜಾಡಿನಲ್ಲಿ ಸೀಳುತ್ತಾರೆ, ಅಡ್ಡಲಾಗಿ ಕಡಿಯುತ್ತಾರೆ.

ಕ್ರಷ್‌ಗಂತೂ ಅಡುಗೆಮನೆಯೊಂದರಲ್ಲೇ ಐದಾರು ಪದಗಳಿವೆ. ಪಿರಿಯಾಪಟ್ಟಣ, ಹುಣಸೂರು ಕಡೆ ಬೆಳೆಯುವ ಶುಂಠಿಯನ್ನು ಚಹಾಕ್ಕೆ ಹಾಕುವ ಮುನ್ನ ಜಜ್ಜುತ್ತಾರೆ: ನಾರು ಉಳಿಯಬೇಕು, ರಸ ಮಾತ್ರ ಬಿಡಬೇಕು. ಅದೇ ಶುಂಠಿ ಮಸಾಲೆಗಾದರೆ ನೀರು ಸೇರಿಸಿ ಅರೆಯುತ್ತಾರೆ, ದೋಸೆ ಹಿಟ್ಟನ್ನು ರುಬ್ಬುತ್ತಾರೆ, ರಾಗಿಯನ್ನು ಬೀಸುತ್ತಾರೆ, ಒಣಮೆಣಸನ್ನು ಕುಟ್ಟುತ್ತಾರೆ. ಹಣ್ಣಾದರೆ ಹಿಸುಕುವುದು. ಕೆ.ಆರ್. ನಗರದ ಕಬ್ಬು ಸಕ್ಕರೆ ಕಾರ್ಖಾನೆಗೆ ಹೋದರೆ ಪತ್ರಿಕೆಯ ಭಾಷೆಯಲ್ಲಿ ನುರಿಸುವುದು, ಆಲೆಮನೆಗೆ ಹೋದರೆ ಗಾಣಕ್ಕೆ ಕೊಡುವುದು. ಕಲ್ಲಿಗೆ ಮಾತ್ರ ‘ಜಲ್ಲಿ ಕ್ರಷರ್’ ಎಂದು ಇಂಗ್ಲಿಷ್ ಪದವೇ ನಿಂತಿದೆ.

ಕೆಳಗೆ ಬರುವುದರಲ್ಲೂ ಬಗೆಗಳಿವೆ. ಮಳೆಗೆ ನೆನೆದ ಮಣ್ಣಿನ ಗೋಡೆ ಬುಡ ಸಡಿಲಾಗಿ ಕುಸಿಯುತ್ತದೆ, ಗುಡ್ಡದ ಮಣ್ಣು ಜರಿಯುತ್ತದೆ, ಗಾಳಿಗೆ ಮರ ಉರುಳುತ್ತದೆ. ಹರಾಜಿನಲ್ಲಿ ತಂಬಾಕಿನ ಬೆಲೆಯೂ ಗೋಡೆಯಂತೆಯೇ ಕುಸಿಯುತ್ತದೆ. ಪತ್ರಿಕೆಯವರಿಗೆ ಕಾರು ಯಾವಾಗಲೂ ನಜ್ಜುಗುಜ್ಜು, ಗಾಜು ಪುಡಿಪುಡಿ. ಸೋತ ತಂಡದ ಕನಸು ಮಾತ್ರ ನುಚ್ಚುನೂರು. ಆ ನುಚ್ಚು ಅಕ್ಕಿಯ ಒಡಕಲು ಕಾಳು. ವಿಮಾನ ಬಿದ್ದರೆ ‘ಪತನ’ ಎಂಬ ಸಂಸ್ಕೃತ ಪದ. ಕಂಪ್ಯೂಟರ್ ಕ್ರ್ಯಾಶ್ ಆದರೆ ಯಾವ ಸದ್ದೂ ಬರುವುದಿಲ್ಲವಾದ್ದರಿಂದಲೋ ಏನೋ, ಅದಕ್ಕೆ ಇನ್ನೂ ಕನ್ನಡದ ಕ್ರಿಯಾಪದ ರೂಢಿಯಾಗಿಲ್ಲ.