ಪಟ್ಟಣದ ಮನೆಯಲ್ಲಿ ಯುಗಾದಿಯ ಊಟ



ಹಬ್ಬದ ಅಡಿಗೆಯನ್ನು ಕುರಿತು ಮಾತನಾಡತಕ್ಕವರು ಸಾಮಾನ್ಯವಾಗಿ ಅಡಿಗೆ ಬಲ್ಲವರಾಗಿರುತ್ತಾರೆ. ನಾನು ಬಲ್ಲವನಲ್ಲ, ಉಂಡು ಬಲ್ಲೆ, ಅಷ್ಟೆ. ಆದರೂ 2024ನೆಯ ಇಸವಿಯ ಯುಗಾದಿಯಂದು, ಎಂದರೆ ಏಪ್ರಿಲ್ 9ನೆಯ ಮಂಗಳವಾರ, ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ಮನೆಯಲ್ಲಿ 14 ಎಲೆ ಹಾಕಬೇಕಾಗಿ ಬಂದ ಸಂದರ್ಭವನ್ನು ತಮ್ಮಲ್ಲಿ ಅರಿಕೆಮಾಡೋಣವೆಂದು ಬಂದಿದ್ದೇನೆ.

ಅದುವರೆಗೆ ನಮಗೆ ಯುಗಾದಿಯೆಂದರೆ ಚೀಲ ಹಿಡಿದು ಬಸ್ಸು ಹತ್ತುವುದು. ಮಳವಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ಅಣ್ಣನ ಮನೆ. ಅದೇ ಹಿರಿಯರ ಮನೆ. ಅಲ್ಲಿ ತಾಯಿಯವರ ಅಪ್ಪಣೆ, ಅತ್ತಿಗೆಯವರ ಅಡಿಗೆ, ನಮ್ಮ ಊಟ. ಮರುದಿನ ಒಂದು ಡಬ್ಬಿಯ ತುಂಬ ಒಬ್ಬಟ್ಟು ಕಟ್ಟಿಸಿಕೊಂಡು ಹಿಂದಿರುಗುವುದು. ಆ ವರ್ಷ ಮಾರ್ಚಿ ತಿಂಗಳಲ್ಲಿ ಅತ್ತಿಗೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಒಲೆಯ ಮುಂದೆ ಬಗ್ಗಕೂಡದು, ಹೊಗೆ ತಾಕಕೂಡದು, ತಲೆಗೆ ನೀರು ಹಾಕಿಕೊಳ್ಳಕೂಡದು ಎಂದು ವೈದ್ಯರ ಕಟ್ಟಪ್ಪಣೆ. ಹಬ್ಬಕ್ಕೆ ಐದು ದಿನವಿರುವಾಗ ಅಣ್ಣ ಟೆಲಿಫೋನಿನಲ್ಲಿ, “ಈ ಸಲ ನೀವು ಬರುವುದು ಬೇಡ ಕಣಯ್ಯ. ಬೇವುಬೆಲ್ಲ ತಿಂದು ಒಂದು ಸಾರು ಅನ್ನ ಮಾಡಿಕೊಳ್ಳುತ್ತೇವೆ” ಎಂದ. ನನ್ನ ಮನೆಯಾಕೆ ಪಕ್ಕದಿಂದಲೇ, “ಭಾವನವರೇ, ಹಬ್ಬ ಈ ವರ್ಷ ಇಲ್ಲಿ. ಎಲ್ಲರೂ ಬಂದುಬಿಡಿ” ಎಂದುಬಿಟ್ಟಳು. ಹೇಳಿಯಾದಮೇಲೆ ಕುರ್ಚಿಯ ಮೇಲೆ ಕುಳಿತಳು. ನಮ್ಮಿಬ್ಬರಿಗೂ ಆಗ ನೆನಪಾದದ್ದು ನೀರು.

ಹಿಂದಿನ ವರ್ಷ ಮಳೆ ಕೈಕೊಟ್ಟು, ಆ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿದ್ದವು. ಕುಡಿಯುವ ನೀರಿನಿಂದ ಕಾರು ತೊಳೆದರೆ, ಕೈತೋಟಕ್ಕೆ ಹರಿಸಿದರೆ 5,000 ರೂಪಾಯಿ ದಂಡವೆಂದು ಮಾರ್ಚಿಯಲ್ಲಿ ಆಜ್ಞೆ ಹೊರಟಿತ್ತು. ಬೆಂಗಳೂರಿಗೆ ಬರುವ ಕಾವೇರಿಯ ನೀರನ್ನು ಎತ್ತುವುದು ಎಲ್ಲಿಂದ ಬಲ್ಲಿರಾ? ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. 1974ರಿಂದಲೂ ಆ ನೀರು ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರವನ್ನು ಯಂತ್ರಗಳ ಬಲದಿಂದ ಹತ್ತಿ ರಾಜಧಾನಿಗೆ ಬರುತ್ತಿದೆ. ನಮ್ಮೂರ ಕಡೆಯ ನೀರು ಪಟ್ಟಣಕ್ಕೆಲ್ಲ ಬಂದಿತು. ನಮ್ಮ ಬಡಾವಣೆಗೆ ಮಾತ್ರ ಬಂದಿರಲಿಲ್ಲ. ನಾವು ಟ್ಯಾಂಕರಿನ ದಾರಿ ನೋಡುತ್ತಿದ್ದವರು. ಯುಗಾದಿಯೋ, ಎಣ್ಣೆನೀರಿನ ಹಬ್ಬ! ಅಭ್ಯಂಜನವಿಲ್ಲದೆ ಬೇವುಬೆಲ್ಲಕ್ಕೆ ಕೈಯೊಡ್ಡುವಂತಿಲ್ಲ.

ಇದಕ್ಕಿಂತ ದೊಡ್ಡ ತೊಡಕು ನಮ್ಮ ತಾಯಿಯವರದು. ಅವರು ಆ ಮನೆಗೆ ಸೊಸೆಯಾಗಿ ಬಂದದ್ದು 1964ರಲ್ಲಿ, ಕ್ರೋಧಿ ಸಂವತ್ಸರದಲ್ಲಿ. ಅರವತ್ತು ವರ್ಷಗಳ ಚಕ್ರ ಒಂದು ಸುತ್ತು ತಿರುಗಿ 2024ರಲ್ಲಿ ಮತ್ತೆ ಅದೇ ಕ್ರೋಧಿ ಬರುತ್ತಿತ್ತು. ಈ ನಡುವೆ ಒಂದು ಯುಗಾದಿಗೂ ಅವರು ಆ ಹೊಸಿಲನ್ನು ಬಿಟ್ಟಿರಲಿಲ್ಲ. “ವರ್ಷದ ಮೊದಲ ದಿನ ಬಾಗಿಲಿಗೆ ಬೀಗವೇ? ನಾನು ಹೋದಮೇಲೆ ಹಾಕಿಕೊಳ್ಳಿ” ಎಂದರು. ಅಣ್ಣನಿಗೆ ಉತ್ತರ ಹೊಳೆಯಲಿಲ್ಲ, ನನಗೂ ಇಲ್ಲ. ಕೊನೆಗೆ ನೆರೆಮನೆಯಾಕೆ ತಾವಾಗಿ ಬಂದು, ಬೆಳಿಗ್ಗೆ ತೋರಣ ಕಟ್ಟಿ ಸಂಜೆ ದೀಪ ಹಚ್ಚುವುದಾಗಿ ಒಪ್ಪಿಕೊಂಡರು. ತಾಯಿಯವರು ಒಂದು ದಿನವೆಲ್ಲ ಮಾತಾಡಲಿಲ್ಲ. ಮರುದಿನ, “ಅವಳಿಗೆ ಬತ್ತಿ ಇಟ್ಟಿರುವ ಗೂಡು ಗೊತ್ತೇನು?” ಎಂದು ಕೇಳಿದರಂತೆ. ಅದನ್ನೇ ಸಮ್ಮತಿಯೆಂದು ತಿಳಿದುಕೊಂಡೆವು.

ಹಬ್ಬದ ಹಿಂದಿನ ಸಂಜೆ ಬಾಡಿಗೆಯ ವ್ಯಾನು ಬಂದು ನಿಂತಾಗ ಮೊದಲು ಇಳಿದದ್ದು ತಾಯಿಯವರಲ್ಲ. ಬಾಯಿಗೆ ಬಟ್ಟೆ ಬಿಗಿದ ಆರು ಕೊಡ ಬಾವಿಯ ನೀರು. ನನ್ನ ಮನೆಯಾಕೆಯ ಮುಖ ಸಣ್ಣದಾಯಿತು. ಕರೆದವರು ನಾವು, ನೀರು ತಂದವರು ಬಂದವರು! ತಾಯಿಯವರು ಅದನ್ನು ಕಂಡುಕೊಂಡು, “ಹಬ್ಬದ ಮನೆಗೆ ಬರಿಗೈಯಲ್ಲಿ ಬರಬಾರದಮ್ಮ. ಬೆಲ್ಲ ನಿಮ್ಮಲ್ಲಿ ಸಿಗುತ್ತದೆ, ನೀರು ಸಿಗುವುದಿಲ್ಲ, ಅಷ್ಟೆ” ಎಂದು ಒಳಕ್ಕೆ ನಡೆದರು. ಬೆಳಗಿನ ಜಾವ ಎಣ್ಣೆಯ ಬಟ್ಟಲು ಹಿಡಿದು ಬಚ್ಚಲ ಬಾಗಿಲಲ್ಲಿ ಕುಳಿತವರೂ ಅವರೇ. ತಲೆಗೆ ಮೂರು ತೊಟ್ಟು ಎಣ್ಣೆ, ಆಳಿಗೊಂದು ಬಕೀಟು ನೀರು. ಶಾಸ್ತ್ರವನ್ನು ಸಡಿಲಿಸುವ ಅಧಿಕಾರ ಶಾಸ್ತ್ರವನ್ನು ನಡೆಸಿಕೊಂಡು ಬಂದವರಿಗೇ ಇರುತ್ತದೆಯಷ್ಟೆ. ನಾವು ಅಳೆದುಕೊಟ್ಟಿದ್ದರೆ ಅದು ಜಿಪುಣತನವಾಗುತ್ತಿತ್ತು.

ಇನ್ನು ಒಬ್ಬಟ್ಟು. ಒಂದು ಕಿಲೋ ಕಡಲೆಬೇಳೆಗೆ ಒಂದು ಕಿಲೋ ಬೆಲ್ಲವೆಂಬ ಲೆಕ್ಕವೇನೋ ನನ್ನ ಮನೆಯಾಕೆಗೆ ತಿಳಿದಿತ್ತು. ಆದರೆ ಬೇಳೆಯನ್ನು ಬೆರಳಲ್ಲಿ ಹಿಸುಕಿದರೆ ಮುರಿಯಬೇಕು, ಕರಗಬಾರದು. ಅಲ್ಲಿಗೆ ಇಳಿಸಿ ಕಟ್ಟನ್ನು ಬಸಿಯಬೇಕು. ಗಾಬರಿಯಲ್ಲಿ ಅದು ಒಂದು ಕುದಿ ಹೆಚ್ಚಾಗಿ ಬೆಂದುಹೋಯಿತು. ಬೆಲ್ಲ ಬಿದ್ದಮೇಲೆ ಹೂರಣ ನೀರಾಡಿತು. ಉಂಡೆ ಕಟ್ಟಿದರೆ ನಿಲ್ಲದು; ಕಣಕದೊಳಗೆ ಇಟ್ಟು ತಟ್ಟಿದರೆ ಹರಿದು ಹೊರಬರುತ್ತಿತ್ತು. ಹೊತ್ತು ಹನ್ನೊಂದು. ಅವಳ ಕಣ್ಣಲ್ಲಿ ನೀರು ನಿಂತಿತು. ಪಡಸಾಲೆಯಲ್ಲಿ ಕರಿಯ ಕನ್ನಡಕ ಹಾಕಿಕೊಂಡು ಕುಳಿತಿದ್ದ ಅತ್ತಿಗೆಯವರು, ಕಾವಲಿಯ ಸದ್ದು ನಿಂತದ್ದನ್ನು ಗಮನಿಸಿ, “ಒಂದು ಚೂರು ಹೂರಣ ನನ್ನ ಕೈಗೆ ಕೊಡು” ಎಂದರು. ನೋಡಲಿಲ್ಲ; ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉರುಳಿಸಿದರು. “ಕೆಟ್ಟಿಲ್ಲ ಕಣೆ. ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚು. ಬಾಣಲೆ ಬಿಟ್ಟುಬಂದಾಗ ಇಳಿಸು.” ಹಾಗೆಯೇ ಆಯಿತು. ಬಸಿದ ಕಟ್ಟಿಗೆ ಹುಣಿಸೆಹುಳಿ, ಸಾರಿನ ಪುಡಿ, ಚೂರು ಹೂರಣ ಸೇರಿ ಒಬ್ಬಟ್ಟಿನ ಸಾರಾಯಿತು. ಬೇಳೆ ಬೆಂದ ನೀರನ್ನೂ ಚೆಲ್ಲದ ಈ ಸಾರನ್ನು ಮೊದಲು ಕಂಡುಹಿಡಿದ ಪುಣ್ಯಾತ್ಗಿತ್ತಿಯೂ ಒಂದು ಬರದ ವರ್ಷದಲ್ಲಿಯೇ ಅಡಿಗೆ ಮಾಡಿದವಳಿರಬೇಕೆಂದು ಆ ಹೊತ್ತು ನನಗೆ ತೋರಿತು. ಅಕ್ಕಿ ತೊಳೆದ ನೀರನ್ನು, “ಹಸುವಿಲ್ಲವಲ್ಲ” ಎಂದು ಗೊಣಗುತ್ತಲೇ ತಾಯಿಯವರು ತುಳಸಿಗೂ ಕರಿಬೇವಿಗೂ ಹಂಚಿದರು.

ಬಾಳೆಲೆಯಾದ್ದರಿಂದ ತಟ್ಟೆ ತೊಳೆಯುವ ಚಿಂತೆಯಿರಲಿಲ್ಲ. ಬಡಿಸುವ ಕೆಲಸ ಅಣ್ಣನಿಗೂ ನನಗೂ ಬಿತ್ತು. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕೆಂಬುದನ್ನು ಮರೆತು ನಾನು ಮೂರು ಎಲೆಗಳನ್ನು ತಿರುಗುಮುರುಗಾಗಿ ಹಾಸಿ ಮಕ್ಕಳಿಂದ ನಗಿಸಿಕೊಂಡೆ. ಉಪ್ಪು, ಹೆಸರುಬೇಳೆಯ ಕೋಸಂಬರಿ, ಪಲ್ಯ, ಮಾವಿನಕಾಯಿ ಚಿತ್ರಾನ್ನ ಎಲ್ಲ ಬಂದವು. ಅತ್ತಿಗೆಯವರನ್ನು ಮೊದಲ ಪಂಕ್ತಿಯಲ್ಲಿ ತಾಯಿಯವರ ಪಕ್ಕ ಕೂರಿಸಿದ್ದೆವು. ಅವರಿಗೆ ಕುಳಿತಿರಲಾಗದು, ತುಪ್ಪ ಬರುವುದು ಒಂದು ಗಳಿಗೆ ತಡವಾದರೆ ಏಳುವಂತೆ ಮುಂದಕ್ಕೆ ಬಾಗುತ್ತಿದ್ದರು. ಕಾವಲಿಯಿಂದ ನೇರವಾಗಿ ಬಂದ ಒಬ್ಬಟ್ಟನ್ನು ಅವರ ಎಲೆಗೆ ಹಾಕಿ ತುಪ್ಪ ಬಡಿಸಿದೆ. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, “ಬಿಸಿಯಾಗಿದ್ದಾಗ ಇದು ಹೀಗಿರುತ್ತದೆಯೆ!” ಎಂದರು.

ಯಾರೂ ಮಾತಾಡಲಿಲ್ಲ. ಇಪ್ಪತ್ತೇಳು ವರ್ಷ ಅವರ ಕೈಯಿಂದ ಬಿಸಿ ಒಬ್ಬಟ್ಟು ತಿಂದವರು ನಾವು. ಕಡೆಯ ಪಂಕ್ತಿಯೂ ಎದ್ದಮೇಲೆ ಉಳಿದ ಆರಿದ ಒಬ್ಬಟ್ಟು ಅವರ ಪಾಲಿನದೆಂದು ನಮಗೆ ತಿಳಿಯದೆ ಇರಲಿಲ್ಲ, ಯೋಚಿಸಿರಲಿಲ್ಲ. ಅಣ್ಣ ತುಪ್ಪದ ಗಿಂಡಿ ಹಿಡಿದು ಸುಮ್ಮನೆ ನಿಂತಿದ್ದ. “ಇನ್ನೊಂದು ತಾರೋ” ಎಂದು ತಾಯಿಯವರೇ ಗದರಿದರು.

ಆ ವರ್ಷ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಕಾವೇರಿಯ ಐದನೆಯ ಹಂತದ ಉದ್ಘಾಟನೆಯಾಯಿತು. ಸುದ್ದಿ ಕೇಳಿದ ಸಂಜೆಯೇ ತಾಯಿಯವರು ಟೆಲಿಫೋನು ಮಾಡಿಸಿ, “ನಮ್ಮ ನೀರು ನಿಮ್ಮ ಬೀದಿಗೆ ಬಂತೆ?” ಎಂದು ವಿಚಾರಿಸಿದರು. ಇನ್ನೂ ಬಂದಿರಲಿಲ್ಲ. ಮರುವರ್ಷದ ಯುಗಾದಿಗೆ, 2025ರ ಮಾರ್ಚಿ 30ರಂದು, ನಾವು ಎಂದಿನಂತೆ ಹಳ್ಳಿಗೆ ಹೋದೆವು. ಹೊಸಿಲಿಗೆ ರಂಗವಲ್ಲಿಯಿಟ್ಟು ಬಂದ ತಾಯಿಯವರು ನನ್ನ ಮನೆಯಾಕೆಯನ್ನು ಕರೆದು ಬೇಳೆಯ ಪಾತ್ರೆಯನ್ನು ಅವಳ ಕೈಗೆ ಕೊಟ್ಟರು. ಅಣ್ಣ ಮೊದಲ ಪಂಕ್ತಿಗೆ ಎಲೆ ಹಾಸುತ್ತ, ಅತ್ತಿಗೆಯವರಿಗೆಂದು ಒಂದು ಎಲೆಯನ್ನು ಮುಂಚಿತವಾಗಿ ಹಾಕಿ, ಅದರ ಮೇಲೆ ಒಂದು ಲೋಟ ನೀರಿಟ್ಟ.